ರೇನಿಸ್ ಕೂದಲು, ಮೇಲರ್ ಎಂಬ ಮಗು: ವೆಸ್ಟೆರೋಸ್ ಮನೆತನಗಳ ವಾದ ಯಾಕೆ ಮುಗಿಯುವುದಿಲ್ಲ?

ವೆಸ್ಟೆರೋಸ್ ಎಂಬ ಕಾಲ್ಪನಿಕ ನಾಡಿನ ಲ್ಯಾನಿಸ್ಟರ್ ಮನೆತನದ ಧ್ಯೇಯವಾಕ್ಯ ಯಾವುದು? ‘ಗೇಮ್ ಆಫ್ ಥ್ರೋನ್ಸ್’ ಟಿವಿ ಸೀರೀಸ್ ಮಾತ್ರ ನೋಡಿದವರನ್ನು ಕೇಳಿದರೆ, ‘ಲ್ಯಾನಿಸ್ಟರ್‌ಗಳು ಸಾಲ ತೀರಿಸದೇ ಬಿಡುವವರಲ್ಲ’ ಎಂದು ಥಟ್ಟನೆ ಹೇಳುತ್ತಾರೆ. ಅದು ತಪ್ಪು. ಅದು ಜನರ ಬಾಯಲ್ಲಿ ಓಡಾಡುವ ಮಾತು, ಅಷ್ಟೇ. ಮನೆತನದ ಅಧಿಕೃತ ವಾಕ್ಯ ‘ನನ್ನ ಗರ್ಜನೆ ಕೇಳಿ’. ಬೋಲ್ಟನ್‌ಗಳದು ‘ನಮ್ಮ ಕತ್ತಿಗಳು ಹರಿತ’. ಫ್ರೇ ಮನೆತನದ ವಾಕ್ಯ ಏನೆಂದು ಕಾದಂಬರಿಗಳು ಎಲ್ಲೂ ಹೇಳಿಲ್ಲ. ಅಭಿಮಾನಿಗಳು ಸೇರಿದ ಕಡೆ ಇಂಥ ಪ್ರಶ್ನೆಗಳು ಶುರುವಾದರೆ ಮುಗಿಯುವ ಮಾತೇ ಇಲ್ಲ. ಯಾರ ಲಾಂಛನ ಯಾವುದು, ಯಾರ ಅಜ್ಜಿ ಯಾವ ಮನೆಯವಳು, ಪಟ್ಟ ಯಾರಿಗೆ ಸೇರಬೇಕಿತ್ತು ಎಂದು ರಾತ್ರಿಯಿಡೀ ವಾದ ನಡೆಯುತ್ತದೆ.

ಹೊರಗಿನವರಿಗೆ ಇದು ಕೆಲಸಕ್ಕೆ ಬಾರದ ತಲೆಹರಟೆ ಅನ್ನಿಸಬಹುದು. ಇಲ್ಲದ ದೊರೆಗಳ ಇಲ್ಲದ ವಂಶಕ್ಕೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅಂತ. ನನಗೆ ಹಾಗನ್ನಿಸುವುದಿಲ್ಲ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯಲ್ಲಿ ವಂಶವೃಕ್ಷ ಪುಸ್ತಕದ ಕೊನೆಗೆ ಸೇರಿಸಿದ ಅಲಂಕಾರವಲ್ಲ. ಕಥೆ ನಡೆಯುವುದೇ ಅದರ ಮೇಲೆ. ಓದುಗರಿಗೆ ಈ ಹುಡುಕಾಟ ಕಲಿಸಿದ್ದೂ ಆ ಪುಸ್ತಕಗಳೇ. ಆದರೆ ಒಂದು ಮಾತು. ಈ ವಾದಗಳಲ್ಲಿ ಎಷ್ಟೋ ಕೆಡುವುದು ಒಂದೇ ಕಾರಣಕ್ಕೆ: ‘ಇದನ್ನು ಹೇಳಿದವರು ಯಾರು?’ ಎಂದು ಯಾರೂ ಕೇಳುವುದಿಲ್ಲ.

1996ರಲ್ಲಿ ಬಂದ ಮೊದಲ ಕಾದಂಬರಿಯನ್ನೇ ನೋಡಿ. ದೊರೆ ರಾಬರ್ಟ್ ಬರಾಥಿಯನ್‌ನ ಮಂತ್ರಿ ಜಾನ್ ಆ್ಯರಿನ್ ಸತ್ತಿದ್ದಾನೆ. ಸಾಯುವ ಮುಂಚೆ ಅವನು ಓದುತ್ತಿದ್ದದ್ದು ಒಂದು ದಪ್ಪ ಪುಸ್ತಕ. ಗ್ರ್ಯಾಂಡ್ ಮೇಸ್ಟರ್ (ಆಸ್ಥಾನದ ಪಂಡಿತ) ಮ್ಯಾಲಿಯನ್ ಬರೆದ, ರಾಜ್ಯದ ದೊಡ್ಡ ಮನೆತನಗಳ ವಂಶಾವಳಿ ಅದು. ಯಾರು ಯಾರನ್ನು ಮದುವೆಯಾದರು, ಮಕ್ಕಳೆಷ್ಟು, ಮಕ್ಕಳ ಕೂದಲು ಯಾವ ಬಣ್ಣ, ಇಷ್ಟೇ ಅದರಲ್ಲಿರುವುದು. ಜಾನ್ ಆ್ಯರಿನ್ ನಂತರ ಮಂತ್ರಿಯಾದ ನೆಡ್ ಸ್ಟಾರ್ಕ್ ಅದನ್ನು ಕೈಗೆತ್ತಿಕೊಂಡಾಗ ಅವನಿಗೂ ತಲೆಬುಡ ಅರ್ಥವಾಗುವುದಿಲ್ಲ. ಆಮೇಲೆ ಅವನು ಪುಟ ತಿರುವುತ್ತಾ ಹೋಗುತ್ತಾನೆ. ಸುಮಾರು 90 ವರ್ಷದ ಹಿಂದೆ ಟಯಾ ಲ್ಯಾನಿಸ್ಟರ್ ಎಂಬಾಕೆ ಗೋವೆನ್ ಬರಾಥಿಯನ್‌ನನ್ನು ಮದುವೆಯಾಗಿದ್ದಳು. ಒಂದೇ ಮಗು, ಹೆಸರಿಡುವ ಮುಂಚೆಯೇ ತೀರಿಹೋಯಿತು. ಆದರೆ ಹುಟ್ಟಿದಾಗ ತಲೆತುಂಬ ಕಪ್ಪು ಕೂದಲಿತ್ತು ಎಂದು ಬರೆದಿದೆ. ಅದಕ್ಕೂ 30 ವರ್ಷ ಹಿಂದೆ ಲ್ಯಾನಿಸ್ಟರ್ ಗಂಡು, ಬರಾಥಿಯನ್ ಹೆಣ್ಣು. ಮೂವರು ಹೆಣ್ಣುಮಕ್ಕಳು, ಒಬ್ಬ ಮಗ, ಎಲ್ಲರದ್ದೂ ಕಪ್ಪು ಕೂದಲು. ಎಷ್ಟು ಹಿಂದಕ್ಕೆ ಹೋದರೂ ಲೆಕ್ಕ ಒಂದೇ. ಹಾಗಿದ್ದರೆ ರಾಬರ್ಟ್ ಮತ್ತು ಅವನ ರಾಣಿ, ಲ್ಯಾನಿಸ್ಟರ್ ಮನೆಯ ಸೆರ್ಸಿಯ ಮೂರೂ ಮಕ್ಕಳ ಕೂದಲು ಹೊಂಬಣ್ಣದ್ದು ಹೇಗಾಯಿತು?

ಆ ಒಂದು ಪ್ರಶ್ನೆಯಿಂದ ಐದು ದೊರೆಗಳ ಯುದ್ಧ ಹೊತ್ತಿಕೊಳ್ಳುತ್ತದೆ. ಶತಮಾನದ ಹಿಂದೆ ಸತ್ತ ಹೆಸರಿಲ್ಲದ ಮಗುವಿನ ಕೂದಲು ಇಡೀ ಕಥೆಯ ಬೀಗದ ಕೈ. ಇಂಥ ಪುಸ್ತಕ ಓದಿದವರು ಮುಂದೆ ಯಾವ ಸಣ್ಣ ವಿವರವನ್ನೂ ಸುಮ್ನೆ ಬಿಡುವುದಿಲ್ಲ, ಅಲ್ವಾ? ನೆಡ್ ಮಾಡಿದ್ದನ್ನೇ ಅಭಿಮಾನಿಗಳು ಇವತ್ತಿಗೂ ಮಾಡುತ್ತಿದ್ದಾರೆ.

ಈಗ ಜಾಸ್ತಿ ನಡೆಯುತ್ತಿರುವ ಜಗಳಕ್ಕೆ ಬರೋಣ. 2022ರಲ್ಲಿ ಶುರುವಾದ ‘ಹೌಸ್ ಆಫ್ ದ ಡ್ರ್ಯಾಗನ್’ ಎಂಬ ಇನ್ನೊಂದು ಟಿವಿ ಸೀರೀಸ್ ಇದನ್ನು ಮನೆಮನೆಗೆ ತಂದಿತು. ರಾಜಕುಮಾರಿ ರೆನೀರಾ ಟಾರ್ಗೇರಿಯನ್, ಅವಳ ಗಂಡ ಲೇನಾರ್ ವೆಲೇರಿಯನ್. ಪುಸ್ತಕದಲ್ಲಿ ಇಬ್ಬರದ್ದೂ ಬೆಳ್ಳಿ ಕೂದಲು. ಆದರೆ ಮೊದಲ ಮೂರು ಗಂಡುಮಕ್ಕಳು ಜಾಕೇರಿಸ್, ಲೂಸೆರಿಸ್, ಜಾಫ್ರಿ, ಮೂವರದ್ದೂ ಕಂದು ಕೂದಲು, ಕಂದು ಕಣ್ಣು. ಅವರ ನಿಜವಾದ ತಂದೆ ಹಾರ್ವಿನ್ ಸ್ಟ್ರಾಂಗ್ ಎಂದು ಅರಮನೆಯಲ್ಲಿ ಗುಸುಗುಸು. ಇಲ್ಲಿ ಪುಸ್ತಕ ಓದಿದವರು ಒಂದು ವಿವರ ಮುಂದಿಡುತ್ತಾರೆ. ಲೇನಾರ್‌ನ ತಾಯಿ ರೇನಿಸ್. ರೇನಿಸ್‌ಳ ತಾಯಿ ಜೋಸೆಲಿನ್ ಬರಾಥಿಯನ್. ಪುಸ್ತಕದ ರೇನಿಸ್‌ಳದ್ದು ಕಪ್ಪು ಕೂದಲು, ವಯಸ್ಸಾದಂತೆ ನಡುನಡುವೆ ಬಿಳಿ ಎಳೆಗಳು. ಅಜ್ಜಿಯ ಕೂದಲು ಮೊಮ್ಮಕ್ಕಳಿಗೆ ಬಂದಿರಬಾರದೇಕೆ?

ಒಳ್ಳೆಯ ವಾದವೇ. ಟಿವಿಯಲ್ಲಿ ಇದಕ್ಕೆ ಜಾಗವೇ ಇಲ್ಲ, ಯಾಕೆಂದರೆ ಅಲ್ಲಿ ರೇನಿಸ್‌ಳ ಕೂದಲು ಬೆಳ್ಳಿ ಬಣ್ಣದ್ದು. ವೆಲೇರಿಯನ್‌ಗಳ ಪಾತ್ರಕ್ಕೆ ಕಪ್ಪು ವರ್ಣದ ಕಲಾವಿದರನ್ನು ಆರಿಸಿದ್ದರಿಂದ, ಆ ಮೂರು ಹುಡುಗರು ಲೇನಾರ್‌ನ ಮಕ್ಕಳಲ್ಲ ಅನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ. ಗುಸುಗುಸು ಇದ್ದದ್ದು ಕಣ್ಣೆದುರಿನ ಸತ್ಯವಾಗಿಬಿಟ್ಟಿತು. ಹೀಗಾಗಿ ಟಿವಿ ನೋಡಿದವರು ‘ಇದರಲ್ಲಿ ಅನುಮಾನ ಏನಿದೆ?’ ಅನ್ನುತ್ತಾರೆ. ಪುಸ್ತಕ ಓದಿದವರು ‘ಅನುಮಾನ ಇದ್ದೇ ಇದೆ’ ಅನ್ನುತ್ತಾರೆ. ಇಬ್ಬರೂ ಸರಿಯೇ. ಮಾತಾಡುತ್ತಿರುವುದು ಬೇರೆ ಬೇರೆ ಕಥೆಗಳ ಬಗ್ಗೆ.

ನನ್ನ ಅಭಿಪ್ರಾಯ ಕೇಳಿದರೆ, ಪುಸ್ತಕದಲ್ಲೂ ಆ ಮಕ್ಕಳು ಹಾರ್ವಿನ್‌ನವೇ. ಒಂದು ಮಗುವಿಗೆ ಅಜ್ಜಿಯ ಹೋಲಿಕೆ ಬಂದರೆ ನಂಬಬಹುದು. ಮೂರಕ್ಕೆ ಮೂರೂ ಮಕ್ಕಳಲ್ಲಿ ಅಪ್ಪ ಅಮ್ಮನ ಸುಳಿವೇ ಕಾಣದಿದ್ದರೆ ಕಷ್ಟ. ಅದೂ ಅಲ್ಲದೆ ರೇನಿಸ್‌ಳದ್ದು ಕಪ್ಪು ಕೂದಲು, ಮೊಮ್ಮಕ್ಕಳದ್ದು ಕಂದು. ಆದರೂ ಮಾರ್ಟಿನ್ ಆ ಕಪ್ಪು ಕೂದಲಿನ ಅಜ್ಜಿಯನ್ನು ಬೇಕೆಂದೇ ಅಲ್ಲಿಟ್ಟಿದ್ದಾರೆ ಅನ್ನಿಸುತ್ತದೆ. ರೆನೀರಾಳ ಕಡೆಯವರಿಗೆ ಹೇಳಿಕೊಳ್ಳಲು ಒಂದು ನೆಪ ಬೇಕಲ್ಲ. ಸೆರ್ಸಿಯ ಮಕ್ಕಳ ವಿಷಯದಲ್ಲಿ ಲೇಖಕರು ಬಾಗಿಲು ಪೂರ್ತಿ ಮುಚ್ಚಿದರು. ಇಲ್ಲಿ ಸ್ವಲ್ಪ ತೆರೆದಿಟ್ಟಿದ್ದಾರೆ.

‘ಹೇಳಿದವರು ಯಾರು?’ ಎಂಬ ಪ್ರಶ್ನೆ ಇಲ್ಲೇ ಮುಖ್ಯವಾಗುವುದು. ಈ ಕಥೆ ಬರುವ ‘ಫೈರ್ ಆ್ಯಂಡ್ ಬ್ಲಡ್’ 2018ರಲ್ಲಿ ಪ್ರಕಟವಾಯಿತು. ಅದು ಕಾದಂಬರಿಯ ರೂಪದಲ್ಲಿಲ್ಲ. ಆರ್ಚ್‌ಮೇಸ್ಟರ್ ಗಿಲ್ಡೇನ್ ಎಂಬ ಕಾಲ್ಪನಿಕ ಪಂಡಿತ, ಘಟನೆಗಳೆಲ್ಲ ಮುಗಿದು ಎಷ್ಟೋ ಕಾಲದ ಮೇಲೆ ಬರೆದ ಇತಿಹಾಸದಂತಿದೆ. ಅವನಿಗೆ ಸಿಕ್ಕಿರುವುದು ಮೂರು ಮುಖ್ಯ ದಾಖಲೆ. ಸೆಪ್ಟನ್ ಯೂಸ್ಟೇಸ್ ಒಬ್ಬ ಪೂಜಾರಿ, ರೆನೀರಾಳ ಎದುರಾಳಿ ಏಗಾನ್‌ನ ಕಡೆ ಒಲವುಳ್ಳವನು. ಮನ್ಕನ್ ಎಂಬ ಮೇಸ್ಟರ್ ಬರೆದದ್ದು ಬಹುಪಾಲು ಸೆರೆಯಲ್ಲಿದ್ದ ಇನ್ನೊಬ್ಬ ಮೇಸ್ಟರ್ ಆರ್ವೈಲ್ ಕೊಟ್ಟ ಹೇಳಿಕೆ ನಂಬಿ. ಮೂರನೆಯವನು ಮಶ್ರೂಮ್, ಆಸ್ಥಾನದ ವಿದೂಷಕ. ಅವನ ಕಥೆಗಳಲ್ಲಿ ಪೋಲಿ ವಿವರಗಳೇ ಜಾಸ್ತಿ, ಆದರೆ ಕೆಲವು ಕಡೆ ಅವನೇ ಸತ್ಯಕ್ಕೆ ಹತ್ತಿರ ಇರಬಹುದು ಅನ್ನಿಸುತ್ತದೆ. ಮೂವರೂ ಮೂರು ಥರ ಹೇಳುತ್ತಾರೆ. ಗಿಲ್ಡೇನ್ ತನಗೆ ಸರಿ ಕಂಡದ್ದನ್ನು ಆರಿಸುತ್ತಾನೆ.

ವಾದ ಮಾಡುವಾಗ ಇದೆಲ್ಲ ಮರೆತೇಹೋಗುತ್ತದೆ. ಮಶ್ರೂಮ್ ಹೇಳಿದ ಗಾಳಿಮಾತನ್ನು ಒಬ್ಬರು ಸಾಕ್ಷಿ ಎಂದು ತರುತ್ತಾರೆ. ಇನ್ನೊಬ್ಬರು ಯೂಸ್ಟೇಸ್‌ನ ಮಾತು ಎತ್ತಿಕೊಂಡು ಬರುತ್ತಾರೆ. ಮೂರನೆಯವರು ಟಿವಿಯ ಒಂದು ದೃಶ್ಯ ತೋರಿಸುತ್ತಾರೆ. ಮೂಲ ಕಾದಂಬರಿಗಳಲ್ಲಿ ಪಾತ್ರವೊಂದು ಕಣ್ಣಾರೆ ಕಂಡದ್ದಕ್ಕೂ, ಕಲ್ಪನೆಯ ಇತಿಹಾಸಕಾರ ಕೇಳಿ ಬರೆದದ್ದಕ್ಕೂ, ಟಿವಿಯವರು ತಮ್ಮ ಅನುಕೂಲಕ್ಕೆ ಮಾಡಿಕೊಂಡದ್ದಕ್ಕೂ ತೂಕ ಬೇರೆ ಬೇರೆ. ಒಂದೇ ತಕ್ಕಡಿಯಲ್ಲಿ ಹಾಕಿದರೆ ಎಂದೂ ಹೊಂದುವುದಿಲ್ಲ. ಒಂದು ಸರಳ ಉದಾಹರಣೆ: ಹುಚ್ಚುದೊರೆ ಏರಿಸ್‌ನ ಅಪ್ಪ ಯಾರು? ಪುಸ್ತಕದ ಪ್ರಕಾರ ಎರಡನೇ ಜೇಹೇರಿಸ್. ಅವನ ಅಪ್ಪ ಐದನೇ ಏಗಾನ್. ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ಮೇಸ್ಟರ್ ಏಮನ್ ತನ್ನ ತಮ್ಮ ಏಗಾನ್‌ನ ನಂತರ ಅವನ ಮಗ ಏರಿಸ್ ಪಟ್ಟಕ್ಕೆ ಬಂದ ಅನ್ನುತ್ತಾನೆ. ಒಂದು ತಲೆಮಾರೇ ಮಾಯ! ಟ್ರಿವಿಯಾ ಸ್ಪರ್ಧೆಯಲ್ಲಿ ಈ ಪ್ರಶ್ನೆ ಕೇಳುವವರು ಯಾವ ಕಥೆಯ ಪ್ರಕಾರ ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪಟ್ಟದ ಹಕ್ಕಿನ ಜಗಳ ಇದಕ್ಕಿಂತ ಬಿಸಿ. ರೆನೀರಾ ಸರಿಯೋ, ಅವಳ ಮಲತಮ್ಮ ಎರಡನೇ ಏಗಾನ್ ಸರಿಯೋ? ರೆನೀರಾಳ ಕಪ್ಪು ಬಣ, ಏಗಾನ್‌ನ ಹಸಿರು ಬಣ ಎಂದು ಅಭಿಮಾನಿಗಳೇ ಹೋಳಾಗಿದ್ದಾರೆ. ಹಸಿರು ಬಣದವರ ಆಧಾರ ವೆಸ್ಟೆರೋಸ್ ಲೆಕ್ಕದ 101ನೇ ವರ್ಷದ ಮಹಾಸಭೆ. ಹ್ಯಾರನ್‌ಹಾಲ್ ಕೋಟೆಯಲ್ಲಿ ಸೇರಿದ ಸರದಾರರು ರೇನಿಸ್‌ಳ ಮಗ ಲೇನಾರ್‌ನನ್ನು ಬಿಟ್ಟು ವಿಸೆರಿಸ್‌ನನ್ನು ಆರಿಸಿದರು. ಪಟ್ಟ ಹೆಣ್ಣಿಗೂ ಇಲ್ಲ, ಹೆಣ್ಣಿನ ಮೂಲಕ ಗಂಡಿಗೂ ಇಲ್ಲ ಎಂದು ಬಹಳ ಜನ ಅದನ್ನು ಅರ್ಥ ಮಾಡಿಕೊಂಡರು. ಕಪ್ಪು ಬಣದವರ ಆಧಾರ ದೊರೆಯ ಮಾತು. ಅದೇ ವಿಸೆರಿಸ್ 105ರಲ್ಲಿ ಮಗಳು ರೆನೀರಾಳನ್ನೇ ಉತ್ತರಾಧಿಕಾರಿ ಎಂದು ಸಾರಿದ, ಸರದಾರರಿಂದ ಪ್ರಮಾಣ ಮಾಡಿಸಿದ. ಆಮೇಲೆ ಗಂಡುಮಕ್ಕಳು ಹುಟ್ಟಿದರೂ ಮಾತು ಬದಲಿಸಲಿಲ್ಲ. ತಾನು ಯಾವ ನ್ಯಾಯದಿಂದ ಪಟ್ಟಕ್ಕೆ ಬಂದನೋ ಅದನ್ನೇ ಮಗಳಿಗಾಗಿ ಪಕ್ಕಕ್ಕಿಟ್ಟ ದೊರೆ ಅವನು. ಯುದ್ಧ ಮುಗಿದ ಮೇಲೆ ಪಟ್ಟಕ್ಕೆ ಬಂದವನು ರೆನೀರಾಳ ಮಗ ಮೂರನೇ ಏಗಾನ್. ಅವನ ಅಪ್ಪ ಡೇಮನ್ ವಿಸೆರಿಸ್‌ನ ತಮ್ಮನಾದ್ದರಿಂದ ಗಂಡಿನ ಕಡೆಯಿಂದಲೂ ಅವನಿಗೆ ಹಕ್ಕಿತ್ತು. ಹಾಗಾಗಿ ಗೆದ್ದ ನ್ಯಾಯ ಯಾವುದು ಅನ್ನುವುದೂ ಅಸ್ಪಷ್ಟವಾಗಿಯೇ ಉಳಿಯಿತು.

ಇಲ್ಲಿ ಒಂದೇ ಸರಿಯುತ್ತರ ಹುಡುಕುವುದು ವ್ಯರ್ಥ. ಇದು ಮಾರ್ಟಿನ್ ಬೇಕೆಂದೇ ಬಿಟ್ಟ ಗೊಂದಲ. ಮಧ್ಯಯುಗದ ಯುರೋಪಿನಲ್ಲಿ ಪಟ್ಟದ ಕಾನೂನು ಮಸುಕಾಗಿತ್ತು, ಬಲವಿದ್ದವರು ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತಿದ್ದರು, ತಮ್ಮ ಲೋಕವೂ ಹಾಗೇ ಎಂದು ಅವರು ಹಿಂದೆಯೇ ವಿವರಿಸಿದ್ದಾರೆ. ಇಂಗ್ಲೆಂಡಿನ ಇತಿಹಾಸ ನೋಡಿದರೆ ಗೊತ್ತಾಗುತ್ತದೆ. 1120ರಲ್ಲಿ ‘ವೈಟ್ ಶಿಪ್’ ಎಂಬ ಹಡಗು ಮುಳುಗಿ ದೊರೆ ಮೊದಲನೇ ಹೆನ್ರಿಯ ಮಗ ಸತ್ತ. ಹೆನ್ರಿ ಮಗಳು ಮಟಿಲ್ಡಾಳಿಗೆ ನಿಷ್ಠೆಯ ಪ್ರಮಾಣ ಮಾಡಿಸಿದ. 1135ರಲ್ಲಿ ಅವನು ತೀರಿಕೊಂಡಾಗ ಸೋದರಳಿಯ ಸ್ಟೀಫನ್ ಓಡಿಬಂದು ಕಿರೀಟ ಹಾಕಿಕೊಂಡ. 1153ರ ತನಕ ಅಂತರ್ಯುದ್ಧ. ಕೊನೆಗೆ ಪಟ್ಟಕ್ಕೆ ಬಂದದ್ದು ಮಟಿಲ್ಡಾಳ ಮಗ. ರೆನೀರಾಳ ಕಥೆಯ ಬೇರು ಇಲ್ಲಿದೆ. 1484ರಲ್ಲಿ ನಾಲ್ಕನೇ ಎಡ್ವರ್ಡ್‌ನ ಮಕ್ಕಳು ನ್ಯಾಯವಾದ ಮದುವೆಯಲ್ಲಿ ಹುಟ್ಟಿದವರಲ್ಲ ಎಂದು ಇಂಗ್ಲೆಂಡಿನ ಸಂಸತ್ತೇ ಕಾಯಿದೆ ಮಾಡಿತ್ತು, ಮೂರನೇ ರಿಚರ್ಡ್‌ನ ಪಟ್ಟ ಗಟ್ಟಿಮಾಡಲು. ಮಕ್ಕಳ ಹುಟ್ಟನ್ನೇ ಆಯುಧ ಮಾಡಿಕೊಳ್ಳುವುದು ಮಾರ್ಟಿನ್ ಕಲ್ಪನೆಯಿಂದ ತೆಗೆದದ್ದಲ್ಲ.

ದೊಡ್ಡ ಮನೆತನಗಳ ಗದ್ದಲದಲ್ಲಿ ಒಂದು ಸಣ್ಣ ಮನೆತನದ ಕಥೆ ಕಣ್ಣಿಗೆ ಬೀಳುವುದೇ ಇಲ್ಲ. ಈ ಕಾನೂನು ಜನರಿಗೆ ಏನು ಮಾಡುತ್ತದೆ ಅನ್ನುವುದು ನನಗೆ ಅರ್ಥವಾದದ್ದು ಅಲ್ಲಿಯೇ. ಎರಡನೇ ಕಾದಂಬರಿಯಲ್ಲಿ ಹಾರ್ನ್‌ವುಡ್ ಮನೆತನದ ಯಜಮಾನನೂ ಅವನ ಮಗನೂ ಯುದ್ಧದಲ್ಲಿ ಸಾಯುತ್ತಾರೆ. ಉಳಿದವಳು ವಿಧವೆ ಡೊನೆಲ್ಲಾ. ಅವಳನ್ನು ಮದುವೆಯಾಗಲು ಮುದುಕರೆಲ್ಲ ಮುಂದೆ ಬರುತ್ತಾರೆ, ಯಾಕೆಂದರೆ ಆ ಜಮೀನು ಬೇಕು. ಸತ್ತವನ ತಂಗಿಯ ಮಗನನ್ನು ದತ್ತು ಕೊಡುತ್ತೇವೆ ಅನ್ನುತ್ತಾರೆ ಟಾಲ್‌ಹಾರ್ಟ್‌ಗಳು. ಸತ್ತವನಿಗೆ ಮದುವೆಯ ಹೊರಗೆ ಹುಟ್ಟಿದ ಮಗನೊಬ್ಬನಿದ್ದಾನೆ, ಲ್ಯಾರೆನ್ಸ್ ಸ್ನೋ. ವಿಂಟರ್‌ಫೆಲ್‌ನಲ್ಲಿ ತೀರ್ಪು ಕೊಡಬೇಕಾದವನು ನೆಡ್ ಸ್ಟಾರ್ಕ್‌ನ ಮಗ, ಪುಟ್ಟ ಹುಡುಗ ಬ್ರ್ಯಾನ್. ಅವನು, ಹಾಗೇ ಮದುವೆಯ ಹೊರಗೆ ಹುಟ್ಟಿದವನೆನಿಸಿಕೊಂಡ ತನ್ನ ಅಣ್ಣ ಜಾನ್ ಸ್ನೋನನ್ನು ನೆನೆದು, ‘ಆ ಹುಡುಗನೇ ವಾರಸುದಾರನಾಗಲಿ’ ಅನ್ನುತ್ತಾನೆ. ದೊಡ್ಡವರು ಯೋಚಿಸುತ್ತಾ ಕೂರುತ್ತಾರೆ. ಅಷ್ಟರಲ್ಲಿ ರ‍್ಯಾಮ್‌ಸೆ ಎಂಬ ಬೋಲ್ಟನ್ ಮನೆತನದವನು ಬಂದು ಆ ಹೆಂಗಸನ್ನು ಬಲವಂತವಾಗಿ ಮದುವೆಯಾಗುತ್ತಾನೆ, ಗೋಪುರದಲ್ಲಿ ಕೂಡಿಹಾಕುತ್ತಾನೆ. ಅವಳು ಹಸಿವಿಗೆ ತನ್ನ ಬೆರಳುಗಳನ್ನೇ ತಿಂದು ಸತ್ತಳು ಎಂದು ಆಮೇಲೆ ಗೊತ್ತಾಗುತ್ತದೆ. ವಾರಸುದಾರ ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದ ಕಡೆ ಇಂಥದ್ದೇ ನಡೆಯುತ್ತದೆ. ಟಿವಿಯಲ್ಲಿ ಈ ಭಾಗವೇ ಇಲ್ಲ.

ಟಿವಿಯವರು ಏನನ್ನು ಬಿಡುತ್ತಾರೆ ಅನ್ನುವುದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ಈ ಸಲ ತಮ್ಮ ಬ್ಲಾಗ್‌ನಲ್ಲಿ ಬರೆದು ದನಿ ಎತ್ತಿದವರು ಸ್ವತಃ ಮಾರ್ಟಿನ್. ವಿಷಯ ಮೇಲರ್ ಎಂಬ ಎರಡು ವರ್ಷದ ಮಗು. ಪುಸ್ತಕದಲ್ಲಿ ಎರಡನೇ ಏಗಾನ್ ಮತ್ತು ಹೆಲೇನಾಳಿಗೆ ಮೂವರು ಮಕ್ಕಳು: ಅವಳಿಗಳಾದ ಜೇಹೇರಿಸ್, ಜೇಹೇರಾ, ಆಮೇಲೆ ಮೇಲರ್. ರಾತ್ರಿ ಅರಮನೆಗೆ ನುಗ್ಗಿದ ಇಬ್ಬರು ಕೊಲೆಗಡುಕರು ‘ಇಬ್ಬರು ಗಂಡುಮಕ್ಕಳಲ್ಲಿ ಯಾರನ್ನು ಕೊಲ್ಲಲಿ, ನೀನೇ ಹೇಳು’ ಎಂದು ತಾಯಿಯನ್ನು ಕೇಳುತ್ತಾರೆ. ಅವಳು ಕೊನೆಗೆ ಸಣ್ಣವನ ಹೆಸರು ಹೇಳುತ್ತಾಳೆ. ಅವರು ಕೊಲ್ಲುವುದು ದೊಡ್ಡವನನ್ನು. ‘ನಿನ್ನ ಅಮ್ಮ ನಿನ್ನನ್ನು ಸಾಯಿಸು ಅಂದಳು’ ಎಂದು ಬದುಕಿದ ಮಗುವಿನ ಕಿವಿಯಲ್ಲಿ ಹೇಳಿ ಹೋಗುತ್ತಾರೆ. ಟಿವಿಯಲ್ಲಿ ಮೇಲರ್ ಹುಟ್ಟೇ ಇಲ್ಲ. ಹೆಲೇನಾ ಅವಳಿಗಳಲ್ಲಿ ಗಂಡು ಯಾವುದು ಎಂದು ಬೆರಳು ತೋರಿಸುತ್ತಾಳೆ, ಅಷ್ಟೇ.

ಒಂದು ಮಗು ಕಡಿಮೆಯಾದರೆ ಏನು ಮಹಾ? ಮಾರ್ಟಿನ್ ಕೊಟ್ಟ ಉತ್ತರ ಇಷ್ಟು: ಒಂದು ಎಳೆ ಕಿತ್ತರೆ ಅದರ ಹಿಂದೆ ಬೇರೆ ಎಳೆಗಳೂ ಬರುತ್ತವೆ. ಮುಂದೆ ಬಿಟರ್‌ಬ್ರಿಡ್ಜ್‌ನಲ್ಲಿ ಮೇಲರ್ ಗುಂಪಿನ ಕೈಗೆ ಸಿಕ್ಕಿ ಸಾಯುತ್ತಾನೆ. ಆಮೇಲೆ ಹೆಲೇನಾ ಪ್ರಾಣ ಕಳೆದುಕೊಳ್ಳುತ್ತಾಳೆ. ಅವಳ ಸಾವಿನ ಸುದ್ದಿ ನಗರದಲ್ಲಿ ದಂಗೆಗೆ ಕಿಚ್ಚು ಹಚ್ಚುತ್ತದೆ. ಮೇಲರ್ ಇಲ್ಲದಿದ್ದರೆ ಇವಕ್ಕೆಲ್ಲ ಬೇರೆ ಕಾರಣ ಹುಡುಕಬೇಕು. ಆ ಬರಹವನ್ನು ಅವರು ಬೇಗನೇ ತೆಗೆದರು. ಅಷ್ಟರಲ್ಲಿ ಎಲ್ಲ ಕಡೆ ಓದಿ ಆಗಿತ್ತು. ತೀರಾ ಎಳೆಯ ಮಕ್ಕಳನ್ನಿಟ್ಟುಕೊಂಡು ಚಿತ್ರೀಕರಿಸುವುದು ಕಷ್ಟ, ಖರ್ಚೂ ಜಾಸ್ತಿ, ಅದು ನಿಜ. ಆದರೂ ನಾನು ಇಲ್ಲಿ ಲೇಖಕರ ಕಡೆ. ತಾಯಿಯೊಬ್ಬಳು ಮಾಡಬಾರದ ಆಯ್ಕೆ ಮಾಡಿ, ಉಳಿದ ಮಗುವಿನ ಮುಖ ನೋಡಲಾಗದೆ ಬದುಕುವುದೇ ಆ ಘಟನೆಯ ಜೀವ. ಅದನ್ನು ತೆಗೆದ ಮೇಲೆ ಉಳಿದದ್ದು ಒಂದು ಕೊಲೆ.

ಅದೇ ವರ್ಷ ಅವರು ಟಾರ್ಗೇರಿಯನ್ ಲಾಂಛನದ ಬಗ್ಗೆಯೂ ಬರೆದಿದ್ದರು. ತಮ್ಮ ಡ್ರ್ಯಾಗನ್‌ಗಳಿಗೆ ಎರಡು ಕಾಲು, ಎರಡು ರೆಕ್ಕೆ. ಲಾಂಛನದಲ್ಲೂ ಹಾಗೇ ಇರಬೇಕು, ನಾಲ್ಕು ಕಾಲು ಬರೆಯುವುದು ತಪ್ಪು ಅಂತ. ಇದು ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಹಾಗೆಂದು ಲೇಖಕರು ಬರೆದದ್ದೆಲ್ಲ ಸುಳಿವು ಅಂದುಕೊಂಡರೂ ಎಡವುತ್ತೇವೆ. ದೊರೆ ರಾಬರ್ಟ್‌ನ ತಮ್ಮ ರೆನ್ಲಿಯ ಕಣ್ಣು ಪುಸ್ತಕದಲ್ಲಿ ಒಂದು ಕಡೆ ಹಸಿರು ಎಂದಿದೆ, ಇನ್ನೊಂದು ಕಡೆ ನೀಲಿ ಎಂದಿದೆ. ಜೇನ್ ವೆಸ್ಟರ್ಲಿಂಗ್‌ಳ ಸೊಂಟ ಅವಳ ಅತ್ತೆ ಕ್ಯಾಟ್ಲಿನ್‌ಳ ಕಣ್ಣಿಗೆ ಮಕ್ಕಳನ್ನು ಹೆರಲು ತಕ್ಕದ್ದಾಗಿ ಕಂಡರೆ, ಮುಂದಿನ ಪುಸ್ತಕದಲ್ಲಿ ಸೆರ್ಸಿಯ ಅವಳಿ ಸೋದರ ಜೇಮಿಯ ಕಣ್ಣಿಗೆ ಕಿರಿದಾಗಿ ಕಾಣುತ್ತದೆ. ಜೇಮಿ ನೋಡಿದ್ದು ಬೇರೆ ಹುಡುಗಿ, ನಿಜವಾದ ಜೇನ್ ತಪ್ಪಿಸಿಕೊಂಡಿದ್ದಾಳೆ ಎಂದು ದೊಡ್ಡ ಥಿಯರಿಯೇ ಹುಟ್ಟಿತು. ಮಾರ್ಟಿನ್ ಎರಡನ್ನೂ ತಮ್ಮ ಕೈತಪ್ಪು ಎಂದು ಒಪ್ಪಿಕೊಂಡರು. ಸಾವಿರಾರು ಪುಟ, ನೂರಾರು ಪಾತ್ರ, ಒಬ್ಬರೇ ಲೇಖಕರು. ಇಷ್ಟು ತಪ್ಪು ಸಹಜ.

ತಪ್ಪಿಗೂ ಸುಳಿವಿಗೂ ಇರುವ ವ್ಯತ್ಯಾಸ ಹೇಗೆ ಕಂಡುಹಿಡಿಯುವುದು? ಸುಳಿವು ಒಂಟಿಯಾಗಿರುವುದಿಲ್ಲ. ಜಾನ್ ಸ್ನೋ ನೆಡ್‌ನ ಮಗನಲ್ಲ, ನೆಡ್‌ನ ತಂಗಿ ಲಿಯಾನಾ ಸ್ಟಾರ್ಕ್ ಮತ್ತು ರಾಜಕುಮಾರ ರೇಗಾರ್ ಟಾರ್ಗೇರಿಯನ್‌ನ ಮಗ ಎಂಬುದನ್ನು ಓದುಗರು ಮೊದಲ ಪುಸ್ತಕ ಬಂದ ಕೆಲವೇ ವರ್ಷಗಳಲ್ಲಿ ಊಹಿಸಿದ್ದರು. ನೀಲಿ ಗುಲಾಬಿ, ಸಾಯುವಾಗ ಲಿಯಾನಾ ಪಡೆದ ಭಾಷೆ, ಗೋಪುರದ ಮುಂದೆ ಕಾವಲು ನಿಂತ ಮೂವರು ರಾಜರಕ್ಷಕರು, ಎಲ್ಲವೂ ಒಂದೇ ಕಡೆ ಕೈತೋರಿಸುತ್ತಿದ್ದವು. ಟಿವಿಯಲ್ಲಿ ಅದು ನಿಜವೆಂದು ಗೊತ್ತಾದದ್ದು 2016ರಲ್ಲಿ. ಇನ್ನೊಂದು ನನಗೆ ಅದಕ್ಕಿಂತ ಇಷ್ಟ. 1998ರ ಒಂದು ನೀಳ್ಗತೆಯಲ್ಲಿ ಡಂಕ್ ಎಂಬ ಬಡ ಯೋಧ ತನ್ನ ಗುರಾಣಿಗೆ ಸಂಜೆಯ ಬಣ್ಣ, ಒಂದು ಎಲ್ಮ್ ಮರ, ಬೀಳುವ ನಕ್ಷತ್ರ ಬರೆಸುತ್ತಾನೆ. 2005ರ ಕಾದಂಬರಿಯಲ್ಲಿ ಬ್ರಿಯೆನ್ ಎಂಬ ಯೋಧೆ ತನ್ನ ಗುರಾಣಿಗೆ ಅದೇ ಚಿತ್ರ ಬರೆಸುತ್ತಾಳೆ, ಚಿಕ್ಕವಳಿದ್ದಾಗ ಅಪ್ಪನ ಆಯುಧಶಾಲೆಯಲ್ಲಿ ನೋಡಿದ್ದೆ ಎಂದು. ಕಥೆ ಅಷ್ಟಕ್ಕೇ ಮುಂದೆ ಹೋಗುತ್ತದೆ. ಓದುಗರು ಎರಡನ್ನೂ ಜೋಡಿಸಿದರು: ಅವಳು ಡಂಕ್‌ನ ವಂಶದವಳು. ಲೇಖಕರು ಆಮೇಲೆ ಹೌದೆಂದರು. ಡಂಕ್‌ನ ಕಥೆ 2026ರ ಜನವರಿಯಲ್ಲಿ ಟಿವಿಗೆ ಬಂದಾಗ ಆ ಗುರಾಣಿ ನೋಡಿ ಖುಷಿಪಟ್ಟವರು ಇವರೇ.

ಇನ್ನೂ ತೀರ್ಮಾನವಾಗದ ದೊಡ್ಡ ಪ್ರಶ್ನೆ ಒಂದಿದೆ. 2011ರ ಐದನೇ ಪುಸ್ತಕದಲ್ಲಿ ಒಬ್ಬ ಯುವಕ ಬರುತ್ತಾನೆ. ತಾನು ರೇಗಾರ್‌ನ ಮಗ ಏಗಾನ್, ಹಸುಗೂಸಾಗಿದ್ದಾಗ ಸತ್ತೆನೆಂದು ಎಲ್ಲರೂ ನಂಬಿದವನು, ಅನ್ನುತ್ತಾನೆ. ಅವನು ನಿಜವಾಗಿ ಬ್ಲ್ಯಾಕ್‌ಫೈರ್ ಎಂದು ಬಹಳ ಜನರ ನಂಬಿಕೆ. ಬ್ಲ್ಯಾಕ್‌ಫೈರ್ ಅಂದರೆ ಟಾರ್ಗೇರಿಯನ್‌ಗಳ ದಾಯಾದಿಗಳು, ಕೆಂಪು ಡ್ರ್ಯಾಗನ್ ಬದಲು ಕಪ್ಪು ಡ್ರ್ಯಾಗನ್ ಲಾಂಛನ ಹೊತ್ತವರು. ಆಧಾರ ಏನು? ಆ ಮನೆತನದ ಗಂಡುಸಂತತಿ ಮುಗಿಯಿತು ಎಂದು ಪಾತ್ರವೊಂದು ಹೇಳುತ್ತದೆ, ‘ಗಂಡು’ ಎಂದು ಒತ್ತಿ. ಅವನ ಬೆಂಬಲಕ್ಕೆ ನಿಂತ ಬಾಡಿಗೆ ಸೈನ್ಯ ಕಟ್ಟಿದ್ದೇ ಬ್ಲ್ಯಾಕ್‌ಫೈರ್ ಕಡೆಯವರು. ಇನ್ನು ನಾಲ್ಕನೇ ಪುಸ್ತಕದಲ್ಲಿ ಬರುವ ಒಂದು ಹೋಟೆಲಿನ ಹಳೇ ಫಲಕ. ಕಬ್ಬಿಣದ ಮೂರು ತಲೆಯ ಕಪ್ಪು ಡ್ರ್ಯಾಗನ್. ಕಪ್ಪು ಅಂದರೆ ರಾಜದ್ರೋಹ ಎಂದು ಅದನ್ನು ತುಂಡು ಮಾಡಿ ನದಿಗೆ ಎಸೆಯುತ್ತಾರೆ. ವರ್ಷಗಳ ಮೇಲೆ ಒಂದು ತಲೆ ದೂರದ ದ್ವೀಪದ ದಡಕ್ಕೆ ಬಂದು ಬೀಳುತ್ತದೆ, ಅಷ್ಟರಲ್ಲಿ ತುಕ್ಕು ಹಿಡಿದು ಕೆಂಪಾಗಿರುತ್ತದೆ. ಕಪ್ಪು ಡ್ರ್ಯಾಗನ್ ಕೆಂಪಾಗಿ ನೀರಿನ ಮೇಲಿಂದ ವಾಪಸ್ ಬಂತು! ಆ ಯುವಕನೂ ಸಮುದ್ರ ದಾಟಿಯೇ ಬಂದಿಳಿಯುತ್ತಾನೆ.

ಮೂರೂ ಸುಳಿವು ಒಂದೇ ಕಡೆ ಬೆರಳು ಮಾಡುತ್ತಿವೆ. ಹಾಗಾಗಿ ನಾನು ಈ ಥಿಯರಿಯನ್ನು ಒಪ್ಪುತ್ತೇನೆ. ಟಿವಿ ಸೀರೀಸ್‌ನಲ್ಲಿ ಈ ಯುವಕನ ಪಾತ್ರವೇ ಇಲ್ಲದ್ದರಿಂದ ಅಲ್ಲಿಂದ ಉತ್ತರ ಬರುವ ಹಾಗಿಲ್ಲ. ಅವನನ್ನು ಸಾಕಿದವರಿಗೇ ನಿಜ ಗೊತ್ತೋ ಇಲ್ಲವೋ ಅನ್ನುವುದೂ ಸ್ಪಷ್ಟವಿಲ್ಲ. ಅವರಲ್ಲೊಬ್ಬನಾದ ಜಾನ್ ಕಾನಿಂಗ್ಟನ್ ಅಂತೂ ಅವನನ್ನು ರೇಗಾರ್‌ನ ಮಗನೆಂದೇ ನಂಬಿ ಪ್ರಾಣ ಪಣಕ್ಕಿಟ್ಟಿದ್ದಾನೆ. ಆರನೇ ಪುಸ್ತಕ ಬಂದರೂ, ಹುಡುಗನ ಹುಟ್ಟಿನ ಬಗ್ಗೆ ಅದರಲ್ಲಿ ಮಾತಾಡುವ ಪಾತ್ರ ಯಾವುದು, ಅದಕ್ಕೆ ಹೇಗೆ ಗೊತ್ತು ಅನ್ನುವುದನ್ನು ನೋಡಿಯೇ ನಾವು ಒಪ್ಪಬೇಕು ಅಥವಾ ಬಿಡಬೇಕು.